ಹೋದ ಪುಟ್ಟ ಬಂದ ಪುಟ್ಟ ಅನ್ನಿಸಿಕೊಂಡರೂ ಪರವಾಗಿಲ್ಲ!

ಹೋದ ಕೆಲಸ ಆಗದೆ ಬರಿಗೈಯಲ್ಲಿ ವಾಪಸ್ ಬಂದವನನ್ನು ನಮ್ಮಲ್ಲಿ ‘ಹೋದ ಪುಟ್ಟ ಬಂದ ಪುಟ್ಟ’ ಅಂತ ಆಡಿಕೊಳ್ಳುತ್ತಾರೆ. ಇವತ್ತು ಆ ಪುಟ್ಟನ ಪರವಾಗಿ ವಕಾಲತ್ತು ಮಾಡೋಣ ಅಂತ ಕೂತಿದ್ದೇನೆ. ವಿಮಾನದ ವಿಷಯದಲ್ಲಿ ಪುಟ್ಟನಷ್ಟು ಜಾಣ ಇನ್ನೊಬ್ಬನಿಲ್ಲ ಅನ್ನುವುದು ನನ್ನ ವಾದ. ರನ್‌ವೇ ಕಣ್ಣೆದುರಿಗೆ ಬಂದ ಮೇಲೂ ‘ಇಲ್ಲ, ಈ ಸಲ ಸರಿಯಾಗಲಿಲ್ಲ’ ಅಂತ ಇಳಿಯದೆ ಮತ್ತೆ ಮೇಲಕ್ಕೆ ಹಾರುವ ಪೈಲಟ್ ಇದ್ದಾನಲ್ಲ, ಅವನಿಗೆ ನಾವು ಗೊಣಗುವುದನ್ನು ಬಿಟ್ಟು ಚಪ್ಪಾಳೆ ಹೊಡೆಯಬೇಕು. ಇದಕ್ಕೆ ಅವರ ಭಾಷೆಯಲ್ಲಿ ‘ಗೋ ಅರೌಂಡ್’ ಅನ್ನುತ್ತಾರೆ. ಒಂದು ಸುತ್ತು ಹೊಡೆದು ಮತ್ತೆ ಬರುವುದು, ಅಷ್ಟೇ.

ನಾನು ಪೈಲಟ್ ಅಲ್ಲ, ಎಂಜಿನಿಯರೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿ, ವರ್ಗವಾಗಿ ಮುಂಬಯಿಗೆ ಬಂದು ಇಲ್ಲೇ ಬೇರುಬಿಟ್ಟವನು. ಡೆಬಿಟ್-ಕ್ರೆಡಿಟ್ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ‘ನಿಮಗ್ಯಾಕೆ ಈ ವಿಮಾನದ ಉಸಾಬರಿ?’ ಅಂತ ನೀವು ಕೇಳಬಹುದು. ಕಾರಣ ಇದೆ. 2010ರ ಮೇ 22, ಶನಿವಾರ. ಬೆಳಿಗ್ಗೆ ಆರರ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ಹೋದರು, 8 ಮಂದಿ ಉಳಿದರು. ಅವತ್ತು ಮುಂಬಯಿಯ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮನೆಗಳಲ್ಲಿ ಫೋನ್ ಹೇಗೆ ಹೊಡೆದುಕೊಂಡಿತು ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗಲ್ಫಿನಲ್ಲಿ ಒಬ್ಬರು, ಮುಂಬಯಿಯಲ್ಲಿ ಒಬ್ಬರು, ಊರಿನಲ್ಲಿ ಅಪ್ಪ-ಅಮ್ಮ, ಹೀಗೆ ಹಂಚಿಹೋದ ಕುಟುಂಬಗಳು ನಮ್ಮವು. ಆ ವಿಮಾನದಲ್ಲಿದ್ದವರು ‘ಯಾರೋ’ ಆಗಿರಲಿಲ್ಲ.

ಆಮೇಲೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದಲ್ಲಿ ತನಿಖೆ ಆಯಿತು. ವರದಿ ಸಾರ್ವಜನಿಕವಾಗಿ ಸಿಗುತ್ತದೆ. ಬ್ಯಾಂಕಿನವನಿಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಓದಿ ಅಭ್ಯಾಸ. ಓದಿದೆ. ಆಮೇಲೆ ಬೇರೆ ವರದಿಗಳನ್ನೂ ಓದುತ್ತಾ ಹೋದೆ. ಹೀಗೆ ಅಂಟಿದ ಚಟ ಇದು.

ಮಂಗಳೂರು ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ‘ಅದು ಟೇಬಲ್‌ಟಾಪ್ ರನ್‌ವೇ ಮಾರಾಯ್ರೆ, ಗುಡ್ಡದ ತಲೆ ಕಡಿದು ಮಾಡಿದ್ದು. ಹಾಗಾಗಿ ಬಿತ್ತು.’ ಅರ್ಧ ಸತ್ಯ. ಗುಡ್ಡದ ಮೇಲಿದ್ದದ್ದರಿಂದ ಅಷ್ಟು ಜನ ಸತ್ತರು, ನಿಜ. ಆದರೆ ವಿಮಾನ ರನ್‌ವೇ ದಾಟಿದ್ದು ಗುಡ್ಡದ ತಪ್ಪಿನಿಂದಲ್ಲ. ಆ ರನ್‌ವೇ 2,450 ಮೀಟರ್ ಇದೆ, ಅಂದರೆ 8,000 ಅಡಿಗೂ ಸ್ವಲ್ಪ ಜಾಸ್ತಿ. ಅಂಥ ವಿಮಾನಕ್ಕೆ ಅದು ಸಾಕಾಗುವ ಉದ್ದವೇ. ಅವತ್ತಿಗಿಂತ ಮುಂಚೆಯೂ, ಅವತ್ತಿನಿಂದ ಈಚೆಗೂ ಅದೇ ರನ್‌ವೇಯಲ್ಲಿ ಅದೇ ಜಾತಿಯ ವಿಮಾನಗಳು ದಿನಾ ಇಳಿಯುತ್ತಿವೆ.

ಅವತ್ತು ಆದದ್ದೇನು? ಮಂಗಳೂರಿನ ರಡಾರ್ ಕೆಟ್ಟಿತ್ತು. ಹಾಗಾಗಿ ವಿಮಾನ ಕೆಳಗಿಳಿಯಲು ಶುರುಮಾಡಿದ್ದೇ ತಡ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಉಳಿದಿದ್ದ ಎರಡು ಗಂಟೆ ಚಿಲ್ಲರೆಯಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದು ಇಳಿಸಲು ಹೊರಟಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು. ಎತ್ತರ ಕಳೆಯಲು ಕಡಿದಾಗಿ ಇಳಿಸಿದರು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ ದಾಟಿತು. ವೇಗ 144 ನಾಟ್ ಇರಬೇಕಿತ್ತು, 160 ದಾಟಿತ್ತು. ಚಕ್ರ ಭದ್ರವಾಗಿ ನೆಲ ಮುಟ್ಟುವ ಹೊತ್ತಿಗೆ ಸುಮಾರು 5,200 ಅಡಿ ರನ್‌ವೇ ಹಿಂದೆ ಬಿದ್ದಾಗಿತ್ತು. ಉಳಿದದ್ದು 2,800 ಅಡಿ. ಪೈಲಟ್‌ಗಳಲ್ಲಿ ಒಂದು ಮಾತಿದೆಯಂತೆ, ಹಿಂದೆ ಬಿಟ್ಟ ರನ್‌ವೇಯಷ್ಟು ನಿರುಪಯೋಗಿ ವಸ್ತು ಇನ್ನೊಂದಿಲ್ಲ ಅಂತ.

ಇಷ್ಟರ ಮಧ್ಯೆ ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್ ಒಂದಲ್ಲ ಎರಡಲ್ಲ, ಮೂರು ಸಲ ಗೋ ಅರೌಂಡ್ ಅಂದಿದ್ದರು. ಯಂತ್ರವೂ ಕೂಗಿ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ.

ಈ ಮೂರು ಸಲದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ನೋಡೋಣ. ಹೆದರಬೇಡಿ, ಬ್ಯಾಂಕಿನ ಲೆಕ್ಕವೇ.

ನೂರು ರೂಪಾಯಿಗೆ ಶೇಕಡಾ 10ರಂತೆ ಎರಡು ವರ್ಷದ ಚಕ್ರಬಡ್ಡಿ ಹಾಕಿದರೆ ಎಷ್ಟಾಗುತ್ತದೆ? 121. ವಿಮಾನದ ವೇಗಕ್ಕೂ ಇದೇ ಗಣಿತ. ಇಳಿಯುವ ವೇಗ ಶೇಕಡಾ 10 ಜಾಸ್ತಿಯಾದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇಕಡಾ 10 ಅಲ್ಲ, 21 ಜಾಸ್ತಿಯಾಗುತ್ತದೆ. ಯಾಕೆಂದರೆ ಶಕ್ತಿ ಬೆಳೆಯುವುದು ವೇಗದ ವರ್ಗದ ಲೆಕ್ಕದಲ್ಲಿ. ಮಂಗಳೂರಿನಲ್ಲಿ 144ರ ಬದಲು 160 ಅಂದರೆ ಶೇಕಡಾ 11 ಹೆಚ್ಚು. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಚಕ್ರಬಡ್ಡಿ ಹಾಕಿ ನೋಡಿ, 23 ಆಗುತ್ತದೆ! ಎತ್ತರದ್ದೂ ಹಾಗೇ. ವಿಮಾನ ಮಾಮೂಲಿ ಇಳಿಯುವುದು 3 ಡಿಗ್ರಿ ಇಳಿಜಾರಿನಲ್ಲಿ. ಅಂಚನ್ನು ದಾಟುವಾಗ 50 ಅಡಿ ಜಾಸ್ತಿ ಎತ್ತರದಲ್ಲಿದ್ದರೆ ನೆಲ ಮುಟ್ಟುವ ಜಾಗ ಸುಮಾರು 1,000 ಅಡಿ ಮುಂದೆ ಹೋಗುತ್ತದೆ. ಸಾಲದ ಹಾಗೆಯೇ ಇದು. ಮೇಲಿದ್ದಾಗ ಮಾಡಿದ ಚಿಕ್ಕ ಸಾಲ, ಕೆಳಗೆ ಬಂದಾಗ ದೊಡ್ಡ ಬಾಕಿ.

ಚಿಕ್ಕ ವಿಮಾನದಲ್ಲಿ ಈ ಪಾಠ ಇನ್ನೂ ಸ್ಪಷ್ಟ. ಪೈಲಟ್ ತರಬೇತಿ ಶಾಲೆಗಳಲ್ಲಿ ಇರುವ ನಾಲ್ಕು ಸೀಟಿನ ಸೆಸ್ನಾ 172 ನೋಡಿರಬಹುದು. ಅದು ಇಳಿಯಲು ಬರುವ ವೇಗ 60-65 ನಾಟ್, ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 120 ಕಿಲೋಮೀಟರ್. ಸರಿಯಾಗಿ ಇಳಿಸಿದರೆ ಸುಮಾರು 600 ಅಡಿ ಓಡಿ ನಿಲ್ಲುತ್ತದೆ. ಆದರೆ ನಾಲ್ಕೈದು ನಾಟ್ ಜಾಸ್ತಿ ತಂದರೆ? ನೆಲಕ್ಕೆ ಹತ್ತಿರವಾದಾಗ ರೆಕ್ಕೆಯ ಕೆಳಗಿನ ಗಾಳಿ ಮೆತ್ತೆಯ ಹಾಗೆ ಎತ್ತಿ ಹಿಡಿಯುತ್ತದೆ. ವಿಮಾನ ಇಳಿಯುವುದೇ ಇಲ್ಲ, ತೇಲುತ್ತಾ ತೇಲುತ್ತಾ ಹೋಗುತ್ತದೆ. ರನ್‌ವೇ ಮುಗಿಯುತ್ತಾ ಬರುತ್ತದೆ. ಆಗ ಕಲಿಯುವ ಹುಡುಗ ಗಾಬರಿಯಾಗಿ ಮೂತಿ ಕೆಳಗೆ ಒತ್ತುತ್ತಾನೆ. ಮುಂದಿನ ಚಕ್ರ ಮೊದಲು ಬಡಿಯುತ್ತದೆ, ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಎರಡು-ಮೂರು ಕುಪ್ಪಳಕ್ಕೆ ಮುಂದಿನ ಕಾಲು ಮುರಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಎಂಜಿನ್ ಹಾಳಾಗುತ್ತದೆ. ಇಷ್ಟಕ್ಕೂ ಪರಿಹಾರ ಒಂದೇ. ಮೊದಲ ಕುಪ್ಪಳಕ್ಕೇ ಥ್ರಾಟಲ್ ಪೂರ್ತಿ ಕೊಟ್ಟು ಮೇಲಕ್ಕೆ ಹೋಗುವುದು. ಒಳ್ಳೆಯ ಗುರುಗಳು ಇಳಿಸುವುದರ ಜೊತೆಗೆ ಇಳಿಸದೇ ಇರುವುದನ್ನೂ ಕಲಿಸುತ್ತಾರೆ.

ಇನ್ನು ಮುಂಬಯಿಯ ಮಳೆ. ನಮಗೆ ಗೊತ್ತಿರುವ ಸಂಗತಿ. ರನ್‌ವೇ ಮೇಲೆ ನೀರು ನಿಂತರೆ ಟೈರು ನೆಲ ಬಿಟ್ಟು ನೀರಿನ ಮೇಲೆ ಜಾರುತ್ತದೆ, ಬ್ರೇಕ್ ಹಿಡಿದೂ ಹಿಡಿಯದ ಹಾಗೆ. ಟೈರಿನ ಗಾಳಿಯ ಒತ್ತಡ ಕಡಿಮೆ ಇದ್ದಷ್ಟೂ ಕಡಿಮೆ ವೇಗದಲ್ಲೇ ಹೀಗಾಗುತ್ತದೆ. ಹಾಗಾಗಿ ಚಿಕ್ಕ ವಿಮಾನಕ್ಕೆ ವೇಗ ಕಡಿಮೆ ಅನ್ನುವ ಧೈರ್ಯವೂ ಮಳೆಯಲ್ಲಿ ನಡೆಯುವುದಿಲ್ಲ. 2019ರ ಜುಲೈ 1ರ ರಾತ್ರಿ ಜೈಪುರದಿಂದ ಬಂದ ಸ್ಪೈಸ್‌ಜೆಟ್ ವಿಮಾನ ಸುರಿಯುವ ಮಳೆಯಲ್ಲಿ ರನ್‌ವೇ ದಾಟಿ ಹುಲ್ಲಿನಲ್ಲಿ ಹೂತುಕೊಂಡದ್ದು ನೆನಪಿದೆಯಲ್ಲ? ಎಲ್ಲರೂ ಪಾರಾದರು, ಆದರೆ ಮುಖ್ಯ ರನ್‌ವೇ ಹಲವು ದಿನ ಬಂದ್. 2023ರ ಸೆಪ್ಟೆಂಬರ್ 14ರ ಸಂಜೆ ವಿಶಾಖಪಟ್ಟಣದಿಂದ ಬಂದ ಚಿಕ್ಕ ಲಿಯರ್‌ಜೆಟ್ ಇಲ್ಲೇ ಮಳೆಯಲ್ಲಿ ರನ್‌ವೇಯಿಂದ ಪಕ್ಕಕ್ಕೆ ಜಾರಿ ನುಚ್ಚಾಯಿತು. ಒಳಗಿದ್ದ 8 ಜನ ಬದುಕಿದ್ದು ಪುಣ್ಯ.

ನಮ್ಮ ಬಜ್ಪೆಗೂ 2010ಕ್ಕಿಂತ ಮುಂಚೆ ಒಂದು ಎಚ್ಚರಿಕೆ ಸಿಕ್ಕಿತ್ತು. 1981ರ ಆಗಸ್ಟ್ 19ರಂದು, ಆಗಿದ್ದ ಹಳೆಯ ಚಿಕ್ಕ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನ ಮಳೆಗೆ ಒದ್ದೆಯಾದ ನೆಲದಲ್ಲಿ ಅಂಚು ದಾಟಿ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ಒಳಗಿದ್ದವರಲ್ಲಿ ವೀರಪ್ಪ ಮೊಯ್ಲಿಯವರೂ ಒಬ್ಬರು. ಜೂಹುವಿನ ಕಥೆ ಬೇರೆ ತರಹದ್ದು. 1972ರಲ್ಲಿ ಜಪಾನ್ ಏರ್‌ಲೈನ್ಸಿನ ದೊಡ್ಡ ಡಿಸಿ-8 ವಿಮಾನ ಸಾಂತಾಕ್ರೂಜ್ ಅಂತ ತಿಳಿದು ಜೂಹುವಿನ ಪುಟ್ಟ ರನ್‌ವೇಯಲ್ಲಿ ಇಳಿದು ಕೊನೆ ದಾಟಿ ಹೋಯಿತು. ಆಗಲೂ ಜೀವಹಾನಿ ಆಗಲಿಲ್ಲ. ಅಂದರೆ ರನ್‌ವೇ ದಾಟುವುದು ಅಪರೂಪದ ಸಂಗತಿಯೇನಲ್ಲ. ದಾಟಿದ ಮೇಲೆ ಮುಂದೆ ಹುಲ್ಲು ಇದೆಯೋ ಕಣಿವೆ ಇದೆಯೋ ಅನ್ನುವುದರ ಮೇಲೆ ಅದು ಪೇಪರಿನ ಒಳಪುಟದ ಸುದ್ದಿಯೋ ಮುಖಪುಟದ ಸುದ್ದಿಯೋ ಅಂತ ತೀರ್ಮಾನವಾಗುತ್ತದೆ.

ಇದಕ್ಕೂ ಒಂದು ಉಪಾಯ ಇದೆ. ರನ್‌ವೇ ಕೊನೆಯಲ್ಲಿ ಹಗುರವಾದ, ಒತ್ತಿದರೆ ಪುಡಿಯಾಗುವ ಸಿಮೆಂಟಿನ ಹಾಸು ಹಾಕುತ್ತಾರೆ. ಚಕ್ರ ಅದರಲ್ಲಿ ಹೂತು ವಿಮಾನ ನಿಲ್ಲುತ್ತದೆ. ಎಮಾಸ್ ಅಂತ ಅದರ ಹೆಸರು. 1999ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಸಾಬ್ 340 ಅನ್ನುವ ಚಿಕ್ಕ ವಿಮಾನ ವೇಗ ಜಾಸ್ತಿಯಾಗಿ ರನ್‌ವೇ ದಾಟಿದಾಗ ಈ ಹಾಸೇ ಹಿಡಿದು ನಿಲ್ಲಿಸಿತು. 30 ಜನ ಬದುಕಿದರು. ಜಾಗ ಇದ್ದರೆ ರನ್‌ವೇ ಪಟ್ಟಿಯ ಆಚೆ 240 ಮೀಟರ್ ಸಮತಟ್ಟು ನೆಲ ಬಿಡಬೇಕು ಅನ್ನುವುದು ಅಂತರರಾಷ್ಟ್ರೀಯ ಶಿಫಾರಸು. ಗುಡ್ಡದ ಮೇಲೆ ಅಷ್ಟು ಜಾಗ ಎಲ್ಲಿಂದ ತರುವುದು? ಹಾಗಾಗಿ ಟೇಬಲ್‌ಟಾಪ್ ನಿಲ್ದಾಣಗಳಿಗೆ ಇಂಥ ಹಾಸು ಬೇಕೇ ಬೇಕು. ದುಡ್ಡು ಎಷ್ಟಾದರೂ ಆಗಲಿ ಅಂತ ನಾವು ಕೇಳುತ್ತಲೇ ಇರಬೇಕು.

ಆದರೂ ಹಾಸು ಅನ್ನುವುದು ಇನ್ಶೂರೆನ್ಸ್ ಇದ್ದ ಹಾಗೆ. ಮನೆಗೆ ಬೆಂಕಿ ಬಿದ್ದ ಮೇಲೆ ಉಪಯೋಗಕ್ಕೆ ಬರುವಂಥದ್ದು. ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದು ಗೋ ಅರೌಂಡ್.

ಈಗ ಆ ಮೂರು ಸಲದ ವಿಷಯ. ನನ್ನನ್ನು ಕಾಡಿದ್ದು ಅದೇ.

ನಮ್ಮ ಬ್ಯಾಂಕುಗಳಲ್ಲಿ ಮೇಕರ್-ಚೆಕರ್ ಅಂತ ಒಂದು ಪದ್ಧತಿ ಇದೆ. ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ನಾನು ಸೇರಿದ ಕಾಲದಲ್ಲಿ ದಪ್ಪ ಲೆಡ್ಜರಿನಲ್ಲಿ ಕೆಂಪು ಶಾಯಿಯ ಸಹಿ. ಈಗ ಕಂಪ್ಯೂಟರಿನಲ್ಲಿ ಬೇರೆ ಬೇರೆ ಪಾಸ್‌ವರ್ಡ್. ಸೇಫಿಗೂ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಬಳಿ. ಮ್ಯಾನೇಜರ್ ಎಷ್ಟೇ ದೊಡ್ಡವರಿರಲಿ, ಎರಡನೆಯ ಕೀಲಿ ಬಾರದೆ ಸೇಫ್ ತೆರೆಯುವುದಿಲ್ಲ. ಚೆಕರ್ ಎಷ್ಟೇ ಕಿರಿಯನಿರಲಿ, ಅವನು ಪಾಸ್ ಮಾಡದೆ ದುಡ್ಡು ಹೋಗುವುದಿಲ್ಲ. ಇದು ಅಪನಂಬಿಕೆ ಅಲ್ಲ. ಮನುಷ್ಯ ಸುಸ್ತಾಗುತ್ತಾನೆ, ಅವನಿಗೆ ನಿದ್ದೆ ಬರುತ್ತದೆ, ಅವಸರ ಬರುತ್ತದೆ, ಹಟ ಬರುತ್ತದೆ, ಅದಕ್ಕೋಸ್ಕರ ಮಾಡಿದ ಏರ್ಪಾಡು.

ವಿಮಾನದಲ್ಲೂ ಇಬ್ಬರು ಇರುವುದು ಇದಕ್ಕೇ. ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ನೋಡುತ್ತಿರುತ್ತಾರೆ. ಆದರೆ ಮಂಗಳೂರಿನಲ್ಲಿ ಚೆಕರ್ ಮೂರು ಸಲ ‘ಬೇಡ’ ಅಂದರೂ ವೋಚರ್ ಪಾಸಾಯಿತು! ಹತ್ತು ಸಾವಿರ ಗಂಟೆ ಹಾರಿದ ಅನುಭವಿ ಕ್ಯಾಪ್ಟನ್ ಎದುರು ಸಹ ಪೈಲಟ್‌ನ ಮಾತು ಸಲಹೆಯಾಗಿ ಉಳಿಯಿತೇ ಹೊರತು ತಡೆಯಾಗಲಿಲ್ಲ. ಕಂಟ್ರೋಲ್ ಕೈಗೆ ತೆಗೆದುಕೊಳ್ಳಲು ಕೈ ಮುಂದೆ ಹೋಗಲಿಲ್ಲ. ಸತ್ತವರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಮನೆಯಲ್ಲೂ ಶಾಲೆಯಲ್ಲೂ ಕಲಿಸಿಕೊಂಡು ಬಂದ ನಾಡು ನಮ್ಮದು. ಆ ಪಾಠ ಮರೆಯಬೇಕಾದ ಜಾಗ ಕಾಕ್‌ಪಿಟ್.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಝಿಕ್ಕೋಡ್. ಇನ್ನೊಂದು ಟೇಬಲ್‌ಟಾಪ್. ಅದೂ ದುಬೈನಿಂದಲೇ, ಅದೂ ಅದೇ ಕಂಪನಿಯದೇ. ಮಳೆ, ರಾತ್ರಿ. ಮೊದಲ ಪ್ರಯತ್ನದಲ್ಲಿ ಸರಿಯಾಗದೆ ಕ್ಯಾಪ್ಟನ್ ಮೇಲಕ್ಕೆ ಹಾರಿದರು. ಒಳ್ಳೆಯ ತೀರ್ಮಾನ. ಎರಡನೆಯ ಸಲ ಇನ್ನೊಂದು ದಿಕ್ಕಿನಿಂದ, ಹಿಂದಿನಿಂದ ಗಾಳಿ ತಳ್ಳುತ್ತಿದ್ದಾಗ ಬಂದರು. ವಿಮಾನ ತೇಲಿ ರನ್‌ವೇಯ ಮಧ್ಯದ ಹತ್ತಿರ ನೆಲ ಮುಟ್ಟಿತು. ಸಹ ಪೈಲಟ್ ಗೋ ಅರೌಂಡ್ ಅಂದದ್ದು ಇಲ್ಲೂ ದಾಖಲಾಗಿದೆ. ಇಲ್ಲೂ ಆಗಲಿಲ್ಲ. ಪೈಲಟ್‌ಗಳಿಬ್ಬರೂ ಸೇರಿ 21 ಜನ ತೀರಿಕೊಂಡರು. ಮರುದಿನ ಬೆಳಿಗ್ಗೆ ಅಲ್ಲಿಂದ ಇನ್ನೊಂದು ವಿಮಾನ ಹಾರಿಸಬೇಕಿತ್ತು, ಅಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ, ಹೇಗಾದರೂ ಅಲ್ಲೇ ಇಳಿಯಬೇಕು ಅನ್ನುವ ಒತ್ತಡ ಅವರ ತೀರ್ಮಾನದ ಮೇಲೆ ಪ್ರಭಾವ ಬೀರಿತು ಅಂತ ತನಿಖಾ ವರದಿ ಬರೆದಿದೆ. ಕ್ಯಾಪ್ಟನ್ ದೀಪಕ್ ಸಾಠೆ ವಾಯುಪಡೆಯಲ್ಲಿದ್ದು ಬಂದ ಅನುಭವಿ. ಅಂಥವರಿಗೂ ಈ ಒತ್ತಡ ತಪ್ಪಲಿಲ್ಲ ಅಂದರೆ ನಾವು ನೋಡಬೇಕಾದದ್ದು ಒಬ್ಬ ವ್ಯಕ್ತಿಯನ್ನಲ್ಲ, ಒತ್ತಡ ಎಲ್ಲಿಂದ ಬಂತು ಅನ್ನುವುದನ್ನು.

ಬ್ಯಾಂಕಿನವರಿಗೆ ಈ ಒತ್ತಡ ಪರಿಚಿತ. ಮಾರ್ಚ್ ಎಂಡ್! ಟಾರ್ಗೆಟ್ ಮುಟ್ಟಬೇಕು. ಫೈಲು ಅರ್ಧ ಬಂದಿದೆ, ಕಾಗದ ಸರಿ ಇಲ್ಲ. ‘ಇಷ್ಟು ದೂರ ಬಂದಾಗಿದೆ, ಮಾಡಿಬಿಡಿ’ ಅನ್ನುತ್ತಾರೆ. ಬೇಡ ಅಂದವನಿಗೆ ಶಹಬ್ಬಾಸ್ ಹೇಳುವವರಿಲ್ಲ. ಯಾಕೆಂದರೆ ಕೊಡದೆ ಇದ್ದ ಸಾಲ ಮುಳುಗುವುದೇ ಇಲ್ಲ, ಮುಳುಗದ ಸಾಲವನ್ನು ಯಾರೂ ಲೆಕ್ಕ ಇಡುವುದಿಲ್ಲ. ಗೋ ಅರೌಂಡ್ ಮಾಡಿದ ಪೈಲಟ್‌ದೂ ಇದೇ ಕಥೆ. ಆಗದೆ ಹೋದ ಅಪಘಾತಕ್ಕೆ ಪದಕ ಇಲ್ಲ. ಸುಟ್ಟ ಇಂಧನದ ಬಿಲ್ಲು ಮಾತ್ರ ಕಣ್ಣಿಗೆ ಕಾಣುತ್ತದೆ.

ಫ್ಲೈಟ್ ಸೇಫ್ಟಿ ಫೌಂಡೇಶನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಲೆಕ್ಕ ಹಾಕಿದ ಪ್ರಕಾರ, ವೇಗವೋ ಎತ್ತರವೋ ಸರಿಯಿಲ್ಲದೆ ಬರುವ ನೂರು ಇಳಿಕೆಗಳಲ್ಲಿ ಗೋ ಅರೌಂಡ್ ಆಗುವುದು ಬರೀ ಮೂರು. ಉಳಿದ 97 ಹಾಗೇ ಇಳಿಯುತ್ತವೆ. ಹೆಚ್ಚಿನವು ಕ್ಷೇಮವಾಗಿಯೇ ಇಳಿಯುತ್ತವೆ ಅನ್ನುವುದೇ ಇಲ್ಲಿನ ಅಪಾಯ. ಹತ್ತು ಸಲ ಜಾಮೀನಿಲ್ಲದೆ ಕೊಟ್ಟ ಸಾಲ ವಾಪಸ್ ಬಂದರೆ ಹನ್ನೊಂದನೆಯ ಸಲ ಜಾಮೀನು ಯಾಕೆ ಅನ್ನಿಸುತ್ತದಲ್ಲ, ಹಾಗೆ.

ಇನ್ನು ಪ್ರಯಾಣಿಕರಾದ ನಾವು. ನಮಗೂ ಪಾಲಿದೆ ಸ್ವಾಮಿ. ಕೆಲವು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಊರಿಗೆ ಹೊರಟಿದ್ದೆ. ಮಂಗಳೂರಿನ ಮೇಲೆ ಮೋಡ ಕವಿದಿತ್ತು. ವಿಮಾನ ಇಳಿಯುತ್ತಾ ಬಂದು, ಇನ್ನೇನು ತೆಂಗಿನ ತೋಟ ಕಾಣಿಸಿತು ಅನ್ನುವಾಗ ಗುಡುಗುತ್ತಾ ಮೇಲಕ್ಕೆ ಹೋಯಿತು. ಎರಡನೆಯ ಸಲವೂ ಹಾಗೇ. ಆಮೇಲೆ ಬೆಂಗಳೂರಿಗೆ ಹೋಗುತ್ತೇವೆ ಅಂತ ಹೇಳಿದರು. ಒಳಗೆ ಎಂಥ ಗಲಾಟೆ! ಒಬ್ಬರಿಗೆ ಮದುವೆ, ಒಬ್ಬರಿಗೆ ಕೋರ್ಟು, ಇನ್ನೊಬ್ಬರಿಗೆ ‘ಈ ಪೈಲಟ್‌ಗೆ ಇಳಿಸಲಿಕ್ಕೇ ಬರುವುದಿಲ್ಲ’ ಅನ್ನುವ ತೀರ್ಪು. ಪಾಪದ ಗಗನಸಖಿಯ ಮೇಲೆ ಹರಿಹಾಯ್ದರು. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಮಾತ್ರ ತಣ್ಣಗೆ ಹೇಳಿದರು, ‘ಎಂಥದು ಅವಸರ ಇವರಿಗೆ? ಬೆಂಗಳೂರಿನಿಂದ ಬಸ್ಸು ಉಂಟಲ್ಲ ಮಾರಾಯ್ರೆ.’ ವಿಮಾನ ಸುರಕ್ಷತೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ದೊಡ್ಡ ವಿಮಾನದಲ್ಲಿ ನಮ್ಮ ಗೊಣಗಾಟ ಕಾಕ್‌ಪಿಟ್ ಬಾಗಿಲಿನಾಚೆಗೆ ಕೇಳಿಸುವುದಿಲ್ಲ, ಪುಣ್ಯ. ಬಾಡಿಗೆಗೆ ಹಿಡಿದ ಚಿಕ್ಕ ಜೆಟ್‌ಗಳಲ್ಲಿ ಹಾಗಲ್ಲ. ಹಿಂದೆ ಕೂತವರೇ ದುಡ್ಡು ಕೊಡುವ ಧಣಿ. 2001ರ ಮಾರ್ಚ್ 29ರಂದು ಅಮೆರಿಕದ ಆಸ್ಪೆನ್‌ನಲ್ಲಿ ಹೀಗೇ ಆಯಿತು. ಲಾಸ್ ಏಂಜಲಿಸ್‌ನಿಂದ ಬಾಡಿಗೆಗೆ ಬಂದ ಗಲ್ಫ್‌ಸ್ಟ್ರೀಮ್ ಜೆಟ್, ಬೆಟ್ಟಗಳ ನಡುವಿನ ಊರು, ಹಿಮ, ಕತ್ತಲಾಗುವ ಹೊತ್ತು. ರಾತ್ರಿ ಇಳಿಯಲು ಅಲ್ಲಿ ನಿರ್ಬಂಧವಿತ್ತು, ವಿಮಾನ ಹೊರಟದ್ದೇ ತಡ. ಅಲ್ಲೇ ಇಳಿಯಬೇಕು ಅಂತ ಬಾಡಿಗೆ ಹಿಡಿದವರ ಕಡೆಯ ಒತ್ತಡ. ರನ್‌ವೇ ಸರಿಯಾಗಿ ಕಾಣದೆ ಇದ್ದರೂ ಕೆಳಗಿಳಿಸಿದರು. ರನ್‌ವೇಗೆ ಮುಂಚೆಯೇ ನೆಲಕ್ಕೆ ಬಡಿದು ಒಳಗಿದ್ದ 18 ಮಂದಿಯೂ ಹೋದರು. ಗ್ರಾಹಕರಿಂದ ಕ್ಯಾಪ್ಟನ್ ಮೇಲೆ ಬಂದ ಒತ್ತಡವೂ ಒಂದು ಕಾರಣ ಅಂತ ಅಲ್ಲಿನ ತನಿಖಾ ಸಂಸ್ಥೆಯೇ ದಾಖಲಿಸಿತು. ಚಿಕ್ಕ ವಿಮಾನ, ಚಿಕ್ಕ ನಿಲ್ದಾಣ, ದೊಡ್ಡ ಮನುಷ್ಯರು! ಇವು ಮೂರೂ ಒಂದೆಡೆ ಸೇರಿದಾಗ ‘ಇವತ್ತು ಇಳಿಯುವುದಿಲ್ಲ ಸರ್’ ಅನ್ನುವುದಕ್ಕೆ ಎಂಟೆದೆ ಬೇಕು. ಆ ಎಂಟೆದೆಯ ಅಗತ್ಯವೇ ಇಲ್ಲದ ಹಾಗೆ ನಿಯಮ ಇರಬೇಕು.

‘ಹಾಗಾದರೆ ಗೋ ಅರೌಂಡ್‌ನಲ್ಲಿ ಅಪಾಯವೇ ಇಲ್ಲವೇ?’ ಅಂತ ತಿಳಿದವರು ಕೇಳಬಹುದು. ಇದೆ. 2016ರ ಮಾರ್ಚಿನಲ್ಲಿ ರಷ್ಯಾದ ರೋಸ್ತೋವ್‌ನಲ್ಲಿ ಫ್ಲೈದುಬೈ ವಿಮಾನ ಗೋ ಅರೌಂಡ್ ಮಾಡುವಾಗಲೇ ಹಿಡಿತ ತಪ್ಪಿ ಬಿದ್ದು 62 ಜನ ಸತ್ತರು. ಮಂಗಳೂರಿನಲ್ಲೂ ಕೊನೆಗೆ ಕ್ಯಾಪ್ಟನ್ ಗೋ ಅರೌಂಡ್‌ಗೆ ಕೈ ಹಾಕಿದ್ದರು. ಯಾವಾಗ? ನೆಲ ಮುಟ್ಟಿ, ವಿಮಾನ ನಿಲ್ಲಿಸಲು ರಿವರ್ಸ್ ಥ್ರಸ್ಟ್ ಹಾಕಿದ ಮೇಲೆ! ರಿವರ್ಸ್ ಹಾಕಿದ ಮೇಲೆ ಹಾರಲು ಹೋಗಬಾರದು ಅನ್ನುವುದು ಮೊದಲ ಪಾಠ. ಆಗಲೂ ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಿದ್ದರೆ ನಿಲ್ಲಿಸಬಹುದಿತ್ತು ಅನ್ನುತ್ತದೆ ಲೆಕ್ಕ. ಹಾಗಾಗಿ ನಾನು ಹೇಳುವ ಗೋ ಅರೌಂಡ್ ಅಂದರೆ ಬೇಗ ಮಾಡುವಂಥದ್ದು, ಚೆನ್ನಾಗಿ ಅಭ್ಯಾಸ ಮಾಡಿರುವಂಥದ್ದು, ಗಾಳಿಯಲ್ಲಿರುವಾಗಲೇ ಮಾಡುವಂಥದ್ದು. ತಡವಾಗಿ ಬಂದ ಬುದ್ಧಿ, ಸಾಲ ಎನ್‌ಪಿಎ ಆದ ಮೇಲೆ ಕಳಿಸಿದ ನೋಟಿಸಿನ ಹಾಗೆ.

ಕೊನೆಗೆ ನನ್ನ ಬೇಡಿಕೆ ಮೂರೇ ಮೂರು. ಒಂದು, ಇಬ್ಬರಲ್ಲಿ ಯಾರೇ ಗೋ ಅರೌಂಡ್ ಅಂದರೂ ಅದು ಸಲಹೆ ಅಲ್ಲ, ಆದೇಶ ಅನ್ನುವುದು ಬರೀ ಪುಸ್ತಕದಲ್ಲಿ ಇರದೆ ಕಾಕ್‌ಪಿಟ್ಟಿನಲ್ಲಿ ನಡೆಯಬೇಕು. ಬ್ಯಾಂಕಿನ ಎರಡನೆಯ ಕೀಲಿಯ ಹಾಗೆ. ಲಕ್ಷ ರೂಪಾಯಿಗೆ ಇರುವ ಕಾವಲು ನೂರೈವತ್ತು ಜೀವಕ್ಕೆ ಬೇಡವೇ? ಎರಡು, ಸುತ್ತು ಹೊಡೆದು ಬಂದ ಪೈಲಟ್‌ನನ್ನು ಯಾವ ಕಂಪನಿಯೂ ‘ಯಾಕೆ?’ ಅಂತ ಕಟಕಟೆಯಲ್ಲಿ ನಿಲ್ಲಿಸಬಾರದು. ಪ್ರಶ್ನೆ ಕೇಳುವುದಿದ್ದರೆ, ಸುತ್ತು ಹೊಡೆಯಬೇಕಾದಾಗಲೂ ಹೊಡೆಯದೆ ಇಳಿದವನನ್ನು ಕೇಳಲಿ, ಅವನು ಕ್ಷೇಮವಾಗಿ ಇಳಿದಿದ್ದರೂ ಸರಿ. ಮೂರು, ಗುಡ್ಡದ ಮೇಲಿನ ರನ್‌ವೇಗಳ ಕೊನೆಯಲ್ಲಿ ವಿಮಾನವನ್ನು ಹಿಡಿದು ನಿಲ್ಲಿಸುವ ಹಾಸು.

ಮೊದಲ ಎರಡಕ್ಕೆ ಹೆಚ್ಚು ಖರ್ಚಿಲ್ಲ ನೋಡಿ. ಒಂದು ಸುತ್ತಿನ ಇಂಧನ, ಹದಿನೈದು-ಇಪ್ಪತ್ತು ನಿಮಿಷ, ಸ್ವಲ್ಪ ಮರ್ಯಾದೆಯ ಪ್ರಶ್ನೆ. ಅಷ್ಟೇ.

ನಾವು ಊರು ಬಿಟ್ಟು ಬಂದವರು. ವರ್ಷಕ್ಕೆ ಒಂದೋ ಎರಡೋ ಸಲ ಊರಿಗೆ ಹೋಗುವಾಗ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಗೊತ್ತು. ಮೇಲಿನಿಂದ ನೇತ್ರಾವತಿ, ಫಲ್ಗುಣಿ ಕಂಡರೆ ಸಾಕು, ಆಗಲೇ ಮನೆಯ ಮೀನು ಸಾರಿನ ವಾಸನೆ ಬಂದಿರುತ್ತದೆ. ಆಗ ವಿಮಾನ ಇಳಿಯದೆ ಮೇಲೆ ಹೋದರೆ ಹೊಟ್ಟೆ ಉರಿಯುವುದು ಸಹಜ. ಆದರೂ ಮುಂದಿನ ಸಲ ಹಾಗಾದಾಗ ಪಕ್ಕದವರು ಗೊಣಗಲು ಶುರುಮಾಡಿದರೆ, ಮುಂದೆ ಕೂತ ಇಬ್ಬರಲ್ಲಿ ಒಬ್ಬರು ‘ಬೇಡ’ ಅಂದಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ ಅಂತ ಅವರಿಗೆ ತಿಳಿಸಿ ಹೇಳಿ. 2010ರಲ್ಲಿ ಆಗದೆ ಹೋದದ್ದು ಅಷ್ಟೇ.

ನಿಮ್ಮಲ್ಲೂ ಹೀಗೆ ಇಳಿಯದೆ ವಾಪಸ್ ಹಾರಿದ ವಿಮಾನದಲ್ಲಿ ಕೂತವರು ಇರಬಹುದು. ಒಳಗಿದ್ದವರು ಏನಂದರು? ನೀವೇನಂದಿರಿ? ಬರೆಯಿರಿ.